ಮೂರೂವರೆ ಮಹಡಿಯ ನಾಸ್ತಿಕ

ಬೆಳಿಗ್ಗೆ ತಾನೇ ಪರೀಕ್ಷಿಸಿ, ‘ಸುಸ್ಥಿತಿಯಲ್ಲಿದೆ’ ಎಂದು ಸಹಿ ಹಾಕಿದ್ದ ಲಿಫ್ಟಿನಲ್ಲಿ ಸಂಜೆ ಮೆಕ್ಯಾನಿಕ್ ಲಿಫ್ಟಣ್ಣನೇ ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡ. ಜೊತೆಗೆ ವಿಚಾರವಾದಿಗಳ ಸಂಘದ ಕಾರ್ಯದರ್ಶಿಗಳಾದ ನಿವೃತ್ತ ಗಣಿತದ ಮೇಷ್ಟ್ರು. ಐದನೇ ಮಹಡಿಯ ಸಭೆಯಲ್ಲಿ ಅಂದು ಲಿಫ್ಟಣ್ಣನನ್ನು ಅಧ್ಯಕ್ಷನನ್ನಾಗಿ ಆರಿಸುವುದಿತ್ತು. ಮೇಲೇರಬೇಕಾದ ದಿನವೇ ನಡುವೆ ನೇತಾಡುವ ಯೋಗ. ಕ್ಷಮಿಸಿ, ಸಂಘದಲ್ಲಿ ಯೋಗ ಎನ್ನುವಂತಿಲ್ಲ, ತಾಂತ್ರಿಕ ದೋಷ.

ಆ ಕುರ್ಚಿ ಅವನಿಗೆ ಬರೀ ಕುರ್ಚಿಯಲ್ಲ. ಪ್ರಾರ್ಥನೆಗೆ ಕೂರುವುದಿಲ್ಲವೆಂದು ಇಪ್ಪತ್ತನೇ ವಯಸ್ಸಿನಲ್ಲಿ ಹಟ ಹಿಡಿದಾಗ ಅಪ್ಪ ಅವನನ್ನು ಹೊರಗಟ್ಟಿ ಬಾಗಿಲು ಹಾಕಿಕೊಂಡಿದ್ದರು. ಆಮೇಲೆ ‘ಬಾರಯ್ಯ, ನೀನು ನಮ್ಮವನು’ ಎಂದು ಕರೆದದ್ದು ಈ ಸಂಘ ಒಂದೇ. ಇಪ್ಪತ್ತೆರಡು ವರ್ಷ ಸಭೆಗೆ ಕುರ್ಚಿ ಜೋಡಿಸಿದ್ದಾನೆ. ಇಂದು ಒಂದರಲ್ಲಿ ಕೂರುವ ಸರದಿ.

ಫೋನಿನಲ್ಲಿ ಕಾವಲುಗಾರನಿಗೆ ಹೇಳಿದ: “ಮೇಲೆ ಹೋಗಿ ಮೇನ್ ಆಫ್ ಮಾಡಪ್ಪ. ನಾನು ಹೇಳಿದಾಗ ಆನ್ ಮಾಡು.”

ದೀಪ ಆರಿತು. ಯಂತ್ರದಲ್ಲಿ ಉಳಿದ ಕರೆಂಟ್ ಇಳಿಯಲು ಒಂದು ನಿಮಿಷ ಕಾಯಬೇಕು. ಕೆಲಸದ ಕೈಗೆ ವಾಚು ಕಟ್ಟುವಂತಿಲ್ಲ. ಹಾಗಾಗಿ ಇಪ್ಪತ್ತು ವರ್ಷದಿಂದ ಅವನ ಗಡಿಯಾರವೆಂದರೆ ಅಮ್ಮ ಹೇಳಿಕೊಟ್ಟ ಸಂಜೆಯ ಪ್ರಾರ್ಥನೆ. ಒಮ್ಮೆ ಹೇಳಿ ಮುಗಿಸಿದರೆ ಸರಿಯಾಗಿ ಒಂದು ನಿಮಿಷ. ಕತ್ತಲಲ್ಲಿ ತುಟಿ ತನ್ನ ಪಾಡಿಗೆ ತಾನು ಶುರುಮಾಡಿತು.

“ಏನ್ರೀ ಇದು?” ಕಾರ್ಯದರ್ಶಿಗಳು ಬೆಚ್ಚಿದರು.

ನಡುವೆ ನಿಲ್ಲಿಸಿದರೆ ಹೊತ್ತು ತಪ್ಪುತ್ತದೆ. ಕೊನೆಯ ಸಾಲನ್ನೂ ಮುಗಿಸಿ, “ಆನ್ ಮಾಡು!” ಎಂದ. ದೀಪ ಬಂತು. ಲಿಫ್ಟ್ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

“ಟೈಮ್ ನೋಡ್ತಿದ್ದೆ ಸಾರ್.”

“ಒಂದು, ಎರಡು, ಮೂರು ಅಂತ ಎಣಿಸೋಕೆ ಬರಲ್ವಾ?”

“ಹೆದರಿಕೆ ಆದ್ರೆ ಎಣಿಕೆ ಓಡುತ್ತೆ ಸಾರ್. ಇದು ಓಡಲ್ಲ. ಓಡಿಸಿದ್ರೆ ಅಮ್ಮ ತಲೆಗೆ ಮೊಟಕೋಳು.”

“ನಮ್ಮ ಮನೇಲಿ ಮೂರು ತಲೆಮಾರಿಂದ ದೇವರಿಲ್ಲ ಕಣ್ರೀ! ಊಟಕ್ಕೆ ಮುಂಚೆ ಅಪ್ಪ ನಮ್ಮನ್ನೆಲ್ಲ ಸಾಲಾಗಿ ನಿಲ್ಸಿ ‘ದೇವರಿಲ್ಲ’ ಅಂತ ಹೇಳಿಸ್ತಿದ್ರು. ಹೇಳದಿದ್ರೆ ಊಟ ಇಲ್ಲ.”

“ನಮ್ಮನೇಲೂ ಹಂಗೇ ಸಾರ್. ಮಾತು ಮಾತ್ರ ಬೇರೆ.”

ಕಾರ್ಯದರ್ಶಿಗಳು ಕೆಮ್ಮಿದರು. ಅವರ ಮನೆಯ ಪ್ರಕಾರ ನಾಸ್ತಿಕನೆಂದರೆ ಪ್ರಾರ್ಥನೆಯ ಒಂದಕ್ಷರವೂ ಬಾರದವನು. ಲಿಫ್ಟಣ್ಣನ ಮನೆಯ ಪ್ರಕಾರ, ಪೂರ್ತಿ ಬಾಯಿಪಾಠ ಬಂದೂ ಕೂತು ಹೇಳಲೊಲ್ಲದವನು. ನಾಸ್ತಿಕನೆಂದು ಅಪ್ಪನ ಆಸ್ತಿ ಹೋಗಿತ್ತು. ಈಗ ಆಸ್ತಿಕನೆಂದು ಕುರ್ಚಿಯೂ ಹೋಗುವ ಲಕ್ಷಣ. ಓಡಿಹೋಗೋಣವೆಂದರೆ ನಾಲ್ಕಡಿಯ ಪೆಟ್ಟಿಗೆ. ಬಿಡಿಸಲು ಲಿಫ್ಟ್ ಕಂಪನಿಯವರು ಬರುವುದಕ್ಕೆ ಇನ್ನೂ ಅರ್ಧ ಗಂಟೆ. ಅಂಗಿ ಬೆನ್ನಿಗಂಟಿತ್ತು. ಮೇಲಿನಿಂದ ಸದಸ್ಯರೊಬ್ಬರು ಕೂಗಿದರು: “ಅಧ್ಯಕ್ಷರೇ, ಇದ್ದೀರಾ?”

“ಅವರಿಗೆ ಏನಂತ ಹೇಳ್ಲಿ?” ಕಾರ್ಯದರ್ಶಿಗಳು ದನಿ ತಗ್ಗಿಸಿದರು. “ನಿಜ ಹೇಳಿ. ಅಧ್ಯಕ್ಷಗಿರಿ ಇದರ ಮೇಲೇ ನಿಂತಿದೆ. ಅದನ್ನ ಹೇಳುವಾಗ ನಿಮ್ಮ ಮನಸ್ಸಲ್ಲಿ ಯಾರಿದ್ರು?”

‘ಯಾರೂ ಇಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ಲಿಫ್ಟಣ್ಣ ಒಮ್ಮೆ ತಲೆಯೆತ್ತಿ ಸೂರನ್ನು ನೋಡಿದ, ಒಮ್ಮೆ ಅವರನ್ನು.

“ನೀವೇ ಸಾರ್. ಲಿಫ್ಟ್ ಏಳದಿದ್ರೆ, ಹೊರಗೆ ಹೋಗೋಕೆ ಸೂರಿನ ಆ ಕಿಂಡಿಯಲ್ಲಿ ನಿಮ್ಮ ಹೊಟ್ಟೆ ಹಿಡಿಸುತ್ತೋ ಇಲ್ವೋ ಅಂತ.”