ಮರದ ಮನೆಯ ಹೊಸ್ತಿಲಿಗೆ ನೀರು

ಎದುರು ಫ್ಲ್ಯಾಟಿನಲ್ಲಿ ಬೆಳಗಿನಿಂದ ಬಡಗಿಯ ಕೆಲಸ ನಡೆದಿದೆ. ಮಳೆಗೆ ಉಬ್ಬಿಕೊಂಡ ಬಚ್ಚಲುಮನೆಯ ಬಾಗಿಲನ್ನು ಕಳಚಿ ಕಾರಿಡಾರಿನಲ್ಲಿ ಮಲಗಿಸಿಕೊಂಡು ಅಂಚು ಹೆರೆಯುತ್ತಿದ್ದಾರೆ. ಸುರುಳಿಸುರುಳಿಯಾಗಿ ಬೀಳುವ ಆ ಹೆರೆತದ ವಾಸನೆ ನಮ್ಮ ಬಾಗಿಲ ಸಂದಿಯಿಂದ ಒಳಗೆ ಬಂದು ನಡುಮನೆಯಲ್ಲಿ ಕೂತಿದೆ. ಹಸಿ ಮರದ ವಾಸನೆ. ಇದು ಮೂಗಿಗೆ ಬಂದಾಗಲೆಲ್ಲ ನನಗೆ ಒಂದು ಸಣ್ಣ ಗರ್ವ ಬರುತ್ತದೆ. ಯಾಕೆಂದು ನಿಮಗೆ ಹೇಳಬೇಕು. ನಿಧಾನವಾಗಿ ಹೇಳುತ್ತೇನೆ, ಅವಸರದಲ್ಲಿ ಹೇಳಿದರೆ ಇದರಲ್ಲಿ ಏನೂ ಇಲ್ಲ. ಒಂದು ಬಾಗಿಲು ಗಟ್ಟಿಯಾಗಿ ಕೂತಿತು, ಆಮೇಲೆ ತೆರೆಯಿತು, ಅಷ್ಟೇ.

ನಾವಿರುವುದು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಸಾರಕ್ಕಿ ಮಾರ್ಕೆಟ್ಟಿನಿಂದ ಸೊಪ್ಪು ತರಕಾರಿ ಹಿಡಿದುಕೊಂಡು ಬಂದು ಲಿಫ್ಟ್ ಹತ್ತಿದೆ. ಕರೆಂಟು ಹೋಯಿತು. ಜನರೇಟರ್ ಅಂದು ಕೈಕೊಟ್ಟಿತ್ತು. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು. ಒಳಗೆ ನಾನು, ಕತ್ತಲೆ, ಮತ್ತು ಚೀಲದಲ್ಲಿದ್ದ ಕೊತ್ತಂಬರಿ ಸೊಪ್ಪಿನ ವಾಸನೆ. ಹೊರಗೆ ಬೇಗ ಜನ ಸೇರಿದರು. ಸೆಕ್ಯೂರಿಟಿಯವನು "ಟೆನ್ಶನ್ ತಗೋಬೇಡಿ ಮೇಡಂ" ಎಂದು ಕೂಗಿದ. ಮೇಲಿನ ಮಹಡಿಯ ಅಂಕಲ್ ಒಬ್ಬರು "ಮಾತಾಡ್ತಾನೇ ಇರಿ, ಸುಮ್ನಾಗ್ಬೇಡಿ" ಎಂದರು. ಇನ್ನೊಬ್ಬರು "ಮಾತಾಡ್ಬೇಡಿ, ಉಸಿರು ಖರ್ಚಾಗತ್ತೆ" ಎಂದರು. ನನ್ನ ಪ್ರಾಣ ಹೋಗುತ್ತಿರುವಾಗಲೂ ಅವರಿಬ್ಬರ ನಡುವೆ ಅದರ ಮೇಲೆ ವಾದ ನಡೆಯಿತು. ಎಲ್ಲರೂ ನನಗೆ ಧೈರ್ಯ ಹೇಳಿದರು. ಏನು ಮಾಡುತ್ತಿದ್ದೇವೆ ಎಂದು ಮಾತ್ರ ಒಬ್ಬರೂ ಹೇಳಲಿಲ್ಲ. ಮೇಲೆ ಏನೋ ಕಬ್ಬಿಣ ಬಡಿದ ಸದ್ದಾಗುತ್ತಿತ್ತು. ಅದು ಬಿಡಿಸುವ ಸದ್ದೋ, ಬೀಳುವ ಸದ್ದೋ ನನಗೆ ತಿಳಿಯುವಂತಿರಲಿಲ್ಲ.

ಹೊರಗೆ ಬಂದೆ, ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ನನಗೆ ಮುಚ್ಚಿದ ಬಾಗಿಲು ಆಗದು. ಐದು ಮಹಡಿಯನ್ನೂ ಮೆಟ್ಟಿಲು ಹತ್ತಿಯೇ ಬರುತ್ತಿದ್ದೆ. ನಾನು ಕೆಲಸ ಮಾಡುವುದು ಜಯನಗರದ ಒಂದು ಕನ್ನಡಕದ ಅಂಗಡಿಯಲ್ಲಿ, ಕಣ್ಣು ಪರೀಕ್ಷಿಸುವ ಕೆಲಸ. ಅಲ್ಲಿಯ ಕತ್ತಲೆಕೋಣೆಯ ಬಾಗಿಲಿಗೆ ಸ್ಟೂಲು ಅಡ್ಡ ಇಟ್ಟು, ಅರೆಬೆಳಕಿನಲ್ಲೇ ಜನರಿಗೆ ಅಕ್ಷರ ಓದಿಸುತ್ತಿದ್ದೆ. ಮನೆಯಲ್ಲಿ ಬಚ್ಚಲುಮನೆಗೆ ಚಿಲಕ ಹಾಕುವುದನ್ನು ಬಿಟ್ಟೆ. ಒಳಗೆ ಯಾರೋ ಇದ್ದಾರೆಂದು ಉಳಿದವರಿಗೆ ತಿಳಿಯಬೇಕಲ್ಲ? ಅದಕ್ಕೆ ಗಟ್ಟಿಯಾಗಿ ಹಾಡುತ್ತಿದ್ದೆ. ನನ್ನ ಕಂಠ ಹಾಡಿಗೆ ಹುಟ್ಟಿದ್ದಲ್ಲ. "ಇವತ್ತು ಒಂದೇ ಚರಣಕ್ಕೆ ಸ್ನಾನ ಮುಗೀತಾ?" ಎಂದು ನಮ್ಮ ಯಜಮಾನರು ಪೇಪರ್ ಹಿಂದಿನಿಂದ ಕೇಳುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ನಕ್ಕು ನಕ್ಕು ಅದು ನಮ್ಮ ಮನೆಯ ಪದ್ಧತಿಯೇ ಆಗಿಹೋಯಿತು. ನನಗೆ ಒಳಗೊಳಗೇ ದಿಗಿಲಾಗಿದ್ದು ಅದಕ್ಕೇ. ಇನ್ನು ಮುಂದೆ ನಾನು ಹೀಗೇ ಇರುವವಳು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ನಾನೂ ಒಪ್ಪಿಕೊಳ್ಳುವುದರಲ್ಲಿದ್ದೆ.

ಮಗಳು ಮೇಘಾ ಒಪ್ಪಲಿಲ್ಲ. ಆಗವಳು ಡಿಗ್ರಿ ಓದುತ್ತಿದ್ದಳು. ಒಂದು ದಿನ ಫೋನು ನನ್ನ ಮುಖದ ಮುಂದೆ ಹಿಡಿದಳು. "ಅಮ್ಮಾ, ಕನಕಪುರ ದಾಟಿ ಒಂದು ಜಾಗ ಇದೆ, ಸಖತ್ತಾಗಿದೆ. ಮರದ ಕ್ಯಾಬಿನ್. ಸುತ್ತ ಹೊಲ. ವೀಕೆಂಡ್ ಹೋಗೋಣ, ನಿಂಗೂ ಚೇಂಜ್ ಆಗತ್ತೆ."

ಫೋಟೊ ಚೆನ್ನಾಗಿತ್ತು. ಇಳಿಜಾರಿನ ಚಾವಣಿ, ಮುಂದೆ ಜಗಲಿ, ಒಂದು ಗೋಡೆಯಷ್ಟಗಲ ಗಾಜು. ನಾನು ನೋಡಿದ್ದು ಒಂದನ್ನೇ. "ಎಷ್ಟು ಬಾಗಿಲಿದೆ?"

"ಒಂದು."

"ಲಿಫ್ಟ್‌ಗಿಂತ ದೊಡ್ಡದಾಗಿದೆ ಬಿಡೇ," ಎಂದರು ಯಜಮಾನರು.

ಬೇಡ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಫೋಟೊದ ಮೇಲೆ ಬಗ್ಗಿದರು. "ಹೊಸ್ತಿಲು ಮರದ್ದಾ?" ಎಂದು ಕೇಳಿದರು.

ಇಲ್ಲಿ ಅತ್ತೆಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೊದಲು ನಾವು ಬನಶಂಕರಿಯಲ್ಲಿ ಬಾಡಿಗೆಗಿದ್ದ ಮನೆಗೆ ಮರದ ಹೊಸ್ತಿಲಿತ್ತು. ದಿನಾ ಎರಡು ಹೊತ್ತು ಅದನ್ನು ತೊಳೆದು, ಅರಿಸಿನ ಬಳಿದು, ಕುಂಕುಮ ಇಟ್ಟು, ಎಳೆ ಎಳೆದು ಅತ್ತೆ ಅದಕ್ಕೊಂದು ಮುಖ ಮಾಡಿದ್ದರು. ಫ್ಲ್ಯಾಟಿಗೆ ಬಂದಮೇಲೆ ಹೊಸ್ತಿಲೆಂದರೆ ಒಂದು ಗ್ರಾನೈಟ್ ಪಟ್ಟಿ. ಅದಕ್ಕೂ ಚೊಂಬು ನೀರು ಹಾಕಿದರು. ನೀರು ಹರಿದು ಎದುರು ಮನೆಯ ಶೂಗಳ ಕೆಳಗೆ ಹೋಯಿತು. ಅಸೋಸಿಯೇಷನ್ನಿನವರು ಬಂದು ವಿನಯದಿಂದಲೇ ಮಾತಾಡಿದರು. ಆಮೇಲೆ ಒದ್ದೆ ಬಟ್ಟೆ, ಆಮೇಲೆ ಅಂಟಿಸುವ ರಂಗೋಲಿ. "ಸತ್ತ ರಂಗೋಲಿ" ಎಂದು ಅತ್ತೆ ಅದಕ್ಕೆ ಹೆಸರಿಟ್ಟಿದ್ದರು. ಅವರ ಆಸೆಗೆ ನಾನು ಹೇಗೆ ಅಡ್ಡ ಬರಲಿ? ಹೊರಟೆವು. ಸಾಮಾನಿನಲ್ಲಿ ಒಂದು ಡಬ್ಬಿ ದೋಸೆ ಹಿಟ್ಟು, ದೋಸೆಹಂಚು ಮತ್ತು ಅತ್ತೆ ಯಾವ ಊರಿಗೂ ಬಿಟ್ಟುಹೋಗದ ಕಬ್ಬಿಣದ ಮಗುಚುವ ಕೈ. ನಾಲ್ಕು ಜನ ಎರಡು ದಿನಕ್ಕೆ ಹೊರಟಿದ್ದೆವು. ನೋಡಿದವರು ಮನೆ ಖಾಲಿ ಮಾಡುತ್ತಿದ್ದೇವೆ ಎಂದುಕೊಳ್ಳಬೇಕು.

ಆ ಜಾಗವನ್ನು ನೋಡಿಕೊಳ್ಳುತ್ತಿದ್ದವರು ಶಿವಲಿಂಗಣ್ಣ. ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಬಂದು ಬಾಗಿಲು ತೆಗೆದುಕೊಟ್ಟರು. "ಹೊಸ ಮರ ಮೇಡಂ. ಮಳೆಗೆ ಬಾಗ್ಲು ಒಸಿ ಬಿಗಿ ಆಯ್ತದೆ. ಜೋರಾಗಿ ಎಳೀರಿ, ಬತ್ತದೆ."

ನನಗೆ ಅಷ್ಟು ಸಾಕಾಯಿತು. ಅಂಗಳದಿಂದ ಒಂದು ದಪ್ಪ ಕಲ್ಲು ತಂದು ಬಾಗಿಲಿಗೆ ಅಡ್ಡ ಇಟ್ಟೆ. ಅದೇ ಹೊತ್ತಿಗೆ ಅತ್ತೆ ಬಗ್ಗಿ ಹೊಸ್ತಿಲು ಮುಟ್ಟಿ ನೋಡುತ್ತಿದ್ದರು. "ಮರದ್ದೇ ಕಣೇ!" ಎಂದವರು ಚೀಲ ಬಿಚ್ಚುವುದಕ್ಕೂ ಮುಂಚೆ ಬಕೆಟ್ ಕೇಳಿದರು. ಬನಶಂಕರಿ ಬಿಟ್ಟಮೇಲೆ ಕೂಡಿಟ್ಟಿದ್ದ ನೀರನ್ನೆಲ್ಲ ಆ ಸಂಜೆ ಸುರಿದರು ಎನ್ನಬೇಕು. ಮರುದಿನ ಬೆಳಿಗ್ಗೆ ಮತ್ತೆ ಸುರಿದರು. ಹೊಸ್ತಿಲಿಗಷ್ಟೇ ಅಲ್ಲ, ಬಾಗಿಲ ಕೆಳಭಾಗಕ್ಕೂ ಕೈಯಿಂದ ಎರಚಿ ಉಜ್ಜಿದರು. ಆ ಮನೆಯ ಮರ ನಮ್ಮ ಹಳೆಯ ಮನೆಯ ಹಲಸಿನ ಮರದಂಥದ್ದಲ್ಲ, ನೀರು ಕುಡಿಯುವ ಹಗುರ ಮರ ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ.

ಆ ಒಂದು ಹಗಲು ಎಷ್ಟು ಚೆನ್ನಾಗಿತ್ತೆಂದು ಹೇಳದೆ ಮುಂದೆ ಹೋಗಲಾರೆ. ತಗಡಿನ ಚಾವಣಿಯ ಮೇಲೆ ಮಳೆ ಬಂದು ಬಂದು ಹೋಗುತ್ತಿತ್ತು. ತೆರೆಯಲು ಬಾರದ ಆ ಗಾಜಿನಾಚೆ ರಾಗಿ ಹೊಲ ಗಾಳಿಗೆ ಬಾಗಿ ಏಳುತ್ತಿತ್ತು. ಒಂದೇ ಕೋಣೆಯಲ್ಲಿ ನಾಲ್ಕು ಜನ. ಮುನಿಸಿಕೊಂಡು ಹೋಗಿ ಕೂರಲು ಇನ್ನೊಂದು ಕೋಣೆಯಿಲ್ಲ. ಕಂಬಳಿ ಹೊದ್ದುಕೊಂಡು ರಮ್ಮಿ ಆಡಿದೆವು. ಅತ್ತೆ ಎಲೆ ಬಚ್ಚಿಡುತ್ತಾರೆಂದು ಮೇಘಾ ಕಂಡುಹಿಡಿದಳು. ಯಜಮಾನರು ನನಗೆ ಗೊತ್ತೇ ಇರದ ಒಂದು ಕಾಲೇಜಿನ ಕತೆ ಹೇಳಿದರು. ರಾತ್ರಿ ತೆರೆದ ಬಾಗಿಲಿಂದ ಒಳಗೆ ಬಂದು ಯಜಮಾನರ ಹೊದಿಕೆಯಲ್ಲಿ ಮಲಗಿದ್ದ ಶಿವಲಿಂಗಣ್ಣನ ನಾಯಿ ಹಗಲೂ ಬಿಟ್ಟುಹೋಗಲಿಲ್ಲ. ಆದರೂ ನನ್ನ ಒಂದು ಕಣ್ಣು ಸದಾ ಕಲ್ಲಿನ ಮೇಲೇ ಇತ್ತು.

ಸಂಜೆ ಮಳೆ ಬಿಟ್ಟಿತು. ಅಪ್ಪ ಮಗಳು ಕೆರೆ ನೋಡಿ ಬರುತ್ತೇವೆಂದು ಹೊರಟರು, ನಾಯಿಯೂ ಹೊರಟಿತು. ಫೋಟೊ ತೆಗೆಯಲು ನನ್ನ ಫೋನು ಮೇಘಾಳ ಕೈಯಲ್ಲಿ. ಅತ್ತೆಯ ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ನಾನು ಒಳಗೆ ಹೊದಿಕೆ ಮಡಿಸುತ್ತಿದ್ದೆ. ದೀಪ ಹಚ್ಚುವ ಹೊತ್ತೆಂದು ಅತ್ತೆ ಮತ್ತೆ ಹೊಸ್ತಿಲು ತೊಳೆಯಲು ನಿಂತರು. ಕಲ್ಲು ಅಡ್ಡವಾಯಿತು, ಪಕ್ಕಕ್ಕೆ ಸರಿಸಿದರು. ತೊಳೆದು ಮುಗಿಸಿ, ರಂಗೋಲಿ ಡಬ್ಬಿಗೆಂದು ಒಳಗೆ ಬಂದರು. ಹಿಂದಿನ ಗೋಡೆಯ ಗಾಳಿಕಿಂಡಿಯಿಂದ ಗಾಳಿ ಒಮ್ಮೆಲೇ ನುಗ್ಗಿತು, ಬಾಗಿಲನ್ನು ಎಳೆದುಕೊಂಡು ಹೋಗಿ ಚೌಕಟ್ಟಿಗೆ ಬಡಿಯಿತು. ನೀರು ಕುಡಿದಿದ್ದ ಬಾಗಿಲು ನೀರು ಕುಡಿದಿದ್ದ ಹೊಸ್ತಿಲಿನ ಮೇಲೆ ಬಿರಡೆಯ ಹಾಗೆ ಕೂತಿತು. ಅತ್ತೆ ಓಡಿಹೋಗಿ ಎರಡೂ ಕೈಯಲ್ಲಿ ಎಳೆದರು. ಹಿಡಿ ಕಿತ್ತು ಕೈಗೆ ಬಂತು.

ಅಪಾಯವೇನೂ ಇರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕತ್ತಲಾಗುವುದರೊಳಗೆ ಅವರಿಬ್ಬರೂ ಬರುವವರಿದ್ದರು. ಒಳಗೆ ನೀರಿತ್ತು, ದೀಪವಿತ್ತು, ದೋಸೆ ಹಿಟ್ಟಿತ್ತು. ಹೆದರಿಕೆ ಇದನ್ನೆಲ್ಲ ಕೇಳುವುದಿಲ್ಲ. ಆ ಕೋಣೆಯಲ್ಲಿ ಒಂದೆಲೆ ಕೊತ್ತಂಬರಿಯೂ ಇರಲಿಲ್ಲ. ಆದರೂ ನನ್ನ ಮೂಗಿಗೆ ಕೊತ್ತಂಬರಿಯ ವಾಸನೆ ಬಂತು.

ಆಗ ಅತ್ತೆಯನ್ನು ನೋಡಿದೆ. ಕಿತ್ತುಬಂದ ಹಿಡಿಯನ್ನು ಎದೆಗೆ ಒತ್ತಿಕೊಂಡು "ಹೆದರ್ಬೇಡ, ಹೆದರ್ಬೇಡ" ಎನ್ನುತ್ತಿದ್ದರು. "ನಿಂಗೆ ಆಗಲ್ಲ ಅಂತ ಗೊತ್ತಿದ್ದೂ ಕಲ್ಲು ತೆಗೆದ್ನಲ್ಲೇ. ನನ್ನಿಂದ ಆಯ್ತಲ್ಲೇ." ಹೆದರಬೇಡ ಎಂದು ನನಗೆ ಹೇಳುತ್ತಿದ್ದವರಲ್ಲಿ ಅಷ್ಟು ಹೆದರಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅತ್ತೆ, ಕೂತ್ಕೊಳ್ಳಿ," ಎಂದೆ. ಬಂದದ್ದು ನನ್ನ ಅಂಗಡಿಯ ದನಿ, ಹೆದರಿದವರ ಕಣ್ಣು ಪರೀಕ್ಷಿಸುವಾಗಿನದು. "ನಾನೀಗ ಏನೇನು ಮಾಡ್ತೀನಿ ಅಂತ ಒಂದೊಂದಾಗಿ ಹೇಳ್ತೀನಿ. ಮೊದಲು ಬಾಗಿಲು ಎಲ್ಲಿ ಹಿಡ್ಕೊಂಡಿದೆ ಅಂತ ನೋಡ್ತೀನಿ."

ಕನ್ನಡಕದ ಚೌಕಟ್ಟಿನಲ್ಲಿ ಗಾಜು ಬಿಗಿಯಾದರೆ ಬಲ ಹಾಕಬಾರದು, ಎಲ್ಲಿ ಬಿಗಿಯೆಂದು ಮೊದಲು ಹುಡುಕಬೇಕು. ಇದು ನನ್ನ ದಿನದ ಕೆಲಸ. ಇಸ್ಪೀಟು ಎಲೆಯೊಂದನ್ನು ತೆಗೆದುಕೊಂಡು ಸಂದಿಯಲ್ಲಿ ತೂರಿಸಿದೆ. "ಮೇಲ್ಗಡೆ ಸಲೀಸಾಗಿ ಓಡ್ತಿದೆ ಅತ್ತೆ. ಪಕ್ಕದಲ್ಲೂ ಓಡ್ತಿದೆ." ಕೆಳಗೆ, ಚಿಲಕದ ಕಡೆಯ ಮೂಲೆಯಲ್ಲಿ ಎಲೆ ನಿಂತಿತು. "ಇಲ್ಲಿದೆ. ಇಷ್ಟೇ ಜಾಗ. ಉಳಿದ ಬಾಗಿಲೆಲ್ಲ ನಮ್ಮ ಕಡೆಗಿದೆ."

"ಹಂಗಾದ್ರೆ ಮೂಲೆಗೆ ಎಣ್ಣೆ ಬಿಡೇ," ಎಂದರು ಅತ್ತೆ. ಎದೆಗೆ ಒತ್ತಿಕೊಂಡಿದ್ದ ಹಿಡಿಯನ್ನು ಕೆಳಗಿಟ್ಟರು. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನು ತಾವೇ ತಂದರು.

"ಈಗ ಎಣ್ಣೆ ಬಿಡ್ತಿದೀನಿ. ಈಗ ನಿಮ್ಮ ಹಳೇ ಸೀರೇನ ಚಿಲಕಕ್ಕೆ ಕಟ್ತಿದೀನಿ, ಎಳೆಯೋಕೆ. ನೀವು ಮಗುಚೋ ಕೈನ ಆ ಮೂಲೆಗೆ ತೂರಿಸಿ. ನಾನು ಹೂಂ ಅಂದಾಗ ದೋಸೆ ಎತ್ತೋ ಹಾಗೆ ಎತ್ತಿ."

"ದೋಸೆ ಎತ್ತೋದು ನಂಗೆ ಹೇಳ್ಕೊಡ್ತೀಯಾ?"

ಹೂಂ ಅಂದೆ. ಅತ್ತೆ ಎತ್ತಿದರು, ನಾನು ಎಳೆದೆ. ಬರಲಿಲ್ಲ. "ಮತ್ತೆ," ಎಂದೆ. ಬಾಗಿಲು ಒಂದು ಸಲ ನರಳಿತು. ಆ ಸದ್ದು ಏನೆಂದು ನನಗೆ ಗೊತ್ತಿತ್ತು, ಅದು ಬಿಡಿಸಿಕೊಳ್ಳುವ ಸದ್ದು. "ಬರ್ತಿದೆ ಅತ್ತೆ, ಬಿಡ್ಬೇಡಿ!" ಮೂರನೆಯ ಸಲ ಬಾಗಿಲು ಕಿರ್ರೆಂದು ಹೊಸ್ತಿಲು ಬಿಟ್ಟಿತು. ನಾನು ಸೀರೆಯ ಸಮೇತ ಹಿಂದಕ್ಕೆ ಬಿದ್ದೆ. ಒದ್ದೆ ಹೊಲದ ಗಾಳಿ ಇಡೀ ಕೋಣೆಗೆ ನುಗ್ಗಿತು. ಅತ್ತೆ ಬಗ್ಗಿಹೋದ ಮಗುಚುವ ಕೈಯನ್ನು ಮೇಲೆತ್ತಿ ಹಿಡಿದು "ಗೆದ್ವಿ ಕಣೇ!" ಎಂದು ಕೂಗಿದರು. ಅಷ್ಟು ದೊಡ್ಡ ದನಿ ಅವರಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ. ನಾನು ನೆಲದ ಮೇಲೆ ಬಿದ್ದಲ್ಲೇ ನಗತೊಡಗಿದೆ. ನಡುವೆ ಎಲ್ಲೋ ಕೊತ್ತಂಬರಿಯ ವಾಸನೆ ಹೋಗಿ ಹಸಿ ಮರದ ವಾಸನೆ ಬಂದಿತ್ತು. ಯಾವಾಗ ಹೋಯಿತೆಂದು ಎಷ್ಟು ಯೋಚಿಸಿದರೂ ಸರಿಯಾಗಿ ಹೇಳಲಾರೆ.

ಕೆರೆಯಿಂದ ಬಂದವರಿಗೆ ಅತ್ತೆ ಹೇಳಿದ ಕತೆಯಲ್ಲಿ ಬಾಗಿಲನ್ನು ಕಿತ್ತು ಒಗೆದವಳು ನಾನೊಬ್ಬಳೇ. ಯಜಮಾನರು ನನ್ನ ಮುಖ, ಬಾಗಿಲು, ಮತ್ತೆ ನನ್ನ ಮುಖ ನೋಡಿದರು. ಆಮೇಲೆ ಚುಡಾಯಿಸುವುದನ್ನೂ ಮರೆತು ಶಿವಲಿಂಗಣ್ಣನನ್ನು ಕರೆಯಲು ಹೋದರು. ಹಿಡಿ ಕೂರಿಸಲು ಬಂದ ಶಿವಲಿಂಗಣ್ಣ ಹೊಸ್ತಿಲ ಮೇಲೆ ನಿಂತಿದ್ದ ನೀರನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ಏನಜ್ಜಿ, ಬಾಗ್ಲು ಏನು ಗಿಡಾನಾ, ದಿನಾ ನೀರು ಹುಯ್ಯಕ್ಕೆ?"

"ಒಣಗಿರೋ ಹೊಸ್ತಿಲು ನೋಡಿ ನಂಗೆ ತಡೀಲಿಲ್ಲಪ್ಪ," ಎಂದರು ಅತ್ತೆ.

ಮಲಗುವ ಮೊದಲು ಮೇಘಾ ಬಾಗಿಲಿಗೆ ಅಡ್ಡ ಇಡಲು ಕಲ್ಲು ಎತ್ತಿಕೊಂಡು ಬಂದಳು. "ಅದನ್ನ ಅಂಗಳದಲ್ಲಿ ಇಟ್ಟು ಬಾ," ಎಂದೆ. ಎಣ್ಣೆ ಕುಡಿದ ಬಾಗಿಲು ಸದ್ದಿಲ್ಲದೆ ಬಂತು. ಚಿಲಕ ಹಾಕಿದವಳು ನಾನು. ಒಮ್ಮೆ ತೆಗೆದು ನೋಡಿದೆ, ಮತ್ತೆ ಹಾಕಿದೆ. ಹೊರಗೆ ನಾಯಿ ಬಾಗಿಲು ಕೆರೆದು ಬೇಸರ ತಿಳಿಸಿತು. ಬೆಳಿಗ್ಗೆ ಅತ್ತೆ ಒಂದು ಹನಿ ನೀರಿಲ್ಲದೆ ಒಣ ಹೊಸ್ತಿಲಿನ ಮೇಲೆ ಎಳೆ ಎಳೆದರು. ಅದೂ ಚೆನ್ನಾಗಿಯೇ ಬಂತು.

ಬಗ್ಗಿದ ಮಗುಚುವ ಕೈ ಈಗಲೂ ನಮ್ಮ ಅಡುಗೆಮನೆಯಲ್ಲಿದೆ. ಅದರಿಂದ ಎತ್ತಿದ ದೋಸೆಗೆ ಒಂದು ಅಂಚು ಹರಿಯುತ್ತದೆ. ಹೊಸದು ತರೋಣ ಎಂದರೆ ಅತ್ತೆ ಬಿಡುವುದಿಲ್ಲ.

ಎದುರು ಮನೆಯ ಬಡಗಿ ಈಗ ಬಾಗಿಲನ್ನು ಎತ್ತಿ ಕೂರಿಸುತ್ತಿದ್ದಾರೆ. ನಾನು ಇಷ್ಟು ಬರೆದಿಟ್ಟು ಸ್ನಾನಕ್ಕೆ ಹೋಗಿದ್ದೆ. ಹಾಡುವ ಅಭ್ಯಾಸ ಇಷ್ಟು ವರ್ಷವೂ ಉಳಿದಿತ್ತು, ಇವತ್ತು ಹಾಡಲು ಮರೆತೆ. ನಡುವೆ ಮೇಘಾ ಬಚ್ಚಲುಮನೆಯ ಬಾಗಿಲು ತಳ್ಳಿದಳು. ಬರಲಿಲ್ಲ.

"ಅಮ್ಮಾ? ಒಳಗಿದೀಯಾ? ಬಾಗಿಲು ಸಿಕ್ಕಾಕೊಂಡಿದ್ಯಾ? ಸದ್ದೇ ಇಲ್ಲ!"

"ಇಲ್ಲ ಕಣೇ," ಎಂದೆ, ತಲೆಗೆ ಇನ್ನೊಂದು ಚೊಂಬು ಬಿಸಿನೀರು ಹುಯ್ದುಕೊಳ್ಳುತ್ತ. "ಚಿಲಕ ಹಾಕಿದೀನಿ."