ಗೋತ್ರ ಬದಲಿಸಿದ ಕಣ್ಣು

ಜೇಡರ ಬಲೆಯ ಮೇಲೆ ದಂಡೆತ್ತಿ ಹೋದವರನ್ನು ಪುರಾಣಗಳು ಹೊಗಳಿಲ್ಲ, ನಿಜ. ಆದರೆ ಶಿವಬಸವ ನಗರದ ವಿಮಾ ಏಜೆಂಟ್ ಬಿಂದುಮಾಧವ ದೇಶಪಾಂಡೆಯವರು ಅಂದು ಬೆಳಿಗ್ಗೆ ಕಸಬರಿಗೆಯನ್ನು ಗದೆಯಂತೆ ಎತ್ತಿ ಸ್ಟೂಲಿನ ಮೇಲೆ ನಿಂತ ಭಂಗಿಯನ್ನು ಕಂಡಿದ್ದರೆ ಭೀಮಸೇನನೂ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಗೋಡೆಯ ಮೇಲೆ ಕರಿಯ ಎಳೆಯೊಂದು ತೇಲುತ್ತಿತ್ತು. ಬೀಸಿದರು, ಬಲಕ್ಕೆ ಸರಿಯಿತು. ಬಲಕ್ಕೆ ಬೀಸಿದರು, ಮೇಲಕ್ಕೆ ಹಾರಿತು.

"ಅಲ್ಲೇನದ ಅಂತ ಹೊಡೀಲಿಕ್ಕೆ ಹತ್ತೀರಿ?" ಎಂದರು ಹೆಂಡತಿ ಪ್ರಮಿಳಾಬಾಯಿ.

"ಜ್ಯಾಡ ಬಲಿ ಕಟ್ಟೇದ. ಕಾಣಸೂದಿಲ್ಲೇನು?"

"ಗ್ವಾಡಿ ತೊಳದಂಗ ಸ್ವಚ್ಛ ಅದ."

ರಾಯರು ಬಲಗಣ್ಣು ಮುಚ್ಚಿದರು. ಬಲೆ ಮಾಯ. ತೆರೆದರು. ಬಲೆ ಬಂತು, ಜೊತೆಗೆ ಮಸಿ ಚೆಲ್ಲಿದಂತೆ ಕಪ್ಪೂ ಬಂತು. ಗದೆ ಕೆಳಗೆ ಬಿತ್ತು. ವೀರರು ಗೋಡೆ ಹಿಡಿದು ಸ್ಟೂಲಿನಿಂದ ಇಳಿದರು.

ಸಕ್ಕರೆ ಕಾಯಿಲೆ ರಾಯರಿಗೆ ಹಳೆಯ ನಂಟ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ ಎಂದ ವೈದ್ಯರಿಗೆಲ್ಲ ಅವರ ಬಳಿ ಒಂದು ಬ್ರಹ್ಮಾಸ್ತ್ರವಿತ್ತು. ಅವರು ಹುಟ್ಟಿದ್ದು ಖಾನಾಪುರದ ಕುಲಕರ್ಣಿಯವರ ಮನೆಯಲ್ಲಿ. ಅಲ್ಲಿ ಸಕ್ಕರೆಯಿಂದ ತಂದೆಯ ಕಣ್ಣು ಹೋಗಿತ್ತು, ಅಕ್ಕ ಗಂಗೂಬಾಯಿಯದೂ ಹೋಗಿತ್ತು. ಆದರೆ ರಾಯರನ್ನು ಚಿಕ್ಕಂದಿನಲ್ಲೇ ಬೆಳಗಾವಿಯ ದೇಶಪಾಂಡೆಯವರು ದತ್ತಕ ತೆಗೆದುಕೊಂಡಿದ್ದರು. ಹೋಮವಾಗಿ ಕಾಶ್ಯಪ ಗೋತ್ರ ಹೋಯಿತು, ವಸಿಷ್ಠ ಗೋತ್ರ ಬಂತು. ಹುಟ್ಟಿದ ಮನೆಯ ಹೊಲ ಬರಲಿಲ್ಲ, ಹೆತ್ತ ತಂದೆಗೆ ಪಿಂಡ ಇಡುವ ಅಧಿಕಾರವೂ ಉಳಿಯಲಿಲ್ಲ. ಹಾಗಿದ್ದ ಮೇಲೆ ರೋಗವೊಂದು ಯಾವ ಕಾನೂನಿನಲ್ಲಿ ಬಂದೀತು? ಕಂಡಕಂಡವರನ್ನು ತಡೆದು "ನಿಮ್ಮ ಮನ್ಯಾಗ ಸಕ್ಕರಿ ಯಾರಿಗದ?" ಎಂದು ಕೇಳಿ ವಿಮೆ ಮಾಡಿಸುತ್ತಿದ್ದ ಮನುಷ್ಯ ತಮಗೆ ತಾವೇ ವಿನಾಯಿತಿ ಕೊಟ್ಟುಕೊಂಡಿದ್ದರು.

ನೆಹರು ನಗರದ ಕಣ್ಣಿನ ಆಸ್ಪತ್ರೆಯಲ್ಲಿ ಹನಿ ಹಾಕಿದೊಡನೆ ಜಗತ್ತು ಮಂಜಾಯಿತು. ಮದುವೆಯಾದಂದಿನಿಂದ ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿಯದಿದ್ದ ರಾಯರು ಅವರ ಸೆರಗನ್ನೇ ಮುಷ್ಟಿಯಲ್ಲಿ ಬಿಗಿ ಹಿಡಿದು ಕುಳಿತರು. ಡಾಕ್ಟರ್ ಸಮೃದ್ಧಿ ಕೇಳಿದರು:

"ಮನ್ಯಾಗ ಯಾರಿಗರೆ ಸಕ್ಕರಿಯಿಂದ ಕಣ್ಣು ಹೋಗ್ಯಾವೇನ್ರಿ?"

"ಛೇ ಛೇ! ನಮ್ಮ ತಂದಿಯವರು ಮುಪ್ಪಿನ್ಯಾಗೂ ಸೂಜಿಗೆ ದಾರ ಪೋಣಸ್ತಿದ್ರು."

"ಅವರು ದತ್ತಕ ತೊಗೊಂಡ ತಂದಿ," ಎಂದರು ಪ್ರಮಿಳಾಬಾಯಿ. "ಹೆತ್ತ ತಂದಿ ಗ್ವಾಡಿ ಹಿಡಕೊಂಡು ಬಚ್ಚಲಕ್ಕ ಹೋಗ್ತಿದ್ರು. ಅದನ್ನ ಹೇಳ್ರಿ."

"ಅದು ಬ್ಯಾರೆ ಗೋತ್ರ!"

ಡಾಕ್ಟರ್ ನಗಲಿಲ್ಲ. ರಾಯರಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಅದೇ.

"ಹೋಮದಾಗ ಹೆಸರು ಬದಲಾಗ್ತದ್ರಿ, ರಕ್ತ ಬದಲಾಗೂದಿಲ್ಲ. ಕಣ್ಣಿನ ಪರದಿ ಮ್ಯಾಲಿನ ಸಣ್ಣ ರಕ್ತನಾಳ ಸಕ್ಕರಿಗೆ ಎಷ್ಟು ತಾಳ್ತಾವ ಅನ್ನೂದು ಒಂದಿಷ್ಟು ಹೆತ್ತವರಿಂದ ಬರ್ತದ. ಅದೇ ಹಣೆಬರಹ ಅಲ್ಲ. ಸಕ್ಕರಿ, ಬಿಪಿ ಹಿಡಿತದಾಗ ಇಟ್ಟು ವ್ಯಾಳ್ಯಾಕ್ಕ ತೋರಿಸಿದ್ರ ಎಷ್ಟೋ ಮಂದಿಗೆ ಕಣ್ಣು ಉಳೀತಾವ. ಅಂಥಾ ಮನ್ಯಾಗ ಹುಟ್ಟಿದವರು ನೀವು, ಎಲ್ಲಾರಕಿಂತ ಮೊದಲ ಬರಬೇಕಿತ್ತು."

"ಈಗ?"

"ಬಲಗಣ್ಣಾಗ ರಕ್ತ ಸೋರೇದ. ಎಷ್ಟು ವಾಪಸ್ ಕಾಣಸ್ತದೋ ಈಗ ಹೇಳ್ಲಿಕ್ಕೆ ಬರೂದಿಲ್ಲ. ಎಡಗಣ್ಣು ಉಳಸೂಣು. ಇವತ್ತ ಬಲಗಣ್ಣಿಗೆ ಇಂಜೆಕ್ಷನ್ ಕೊಡ್ತೀನಿ."

"ಕಣ್ಣಿಗೆ ಸೂಜಿ?" ಎಂದ ನಮ್ಮ ಭೀಮಸೇನ ಕುರ್ಚಿಯಿಂದ ಮೆಲ್ಲಗೆ ಜಾರಿದರು.

ಮರುವಾರ ಅವರು ಖಾನಾಪುರಕ್ಕೆ, ತಾವು ಹುಟ್ಟಿದ ಮನೆಗೆ ಹೋದರು. ಅದೇ ಊರಿಗೆ ಸೊಸೆಯಾಗಿ ಹೋಗಿದ್ದ ಮಗಳು ಮುಗ್ಧಾಳೂ ಅಲ್ಲಿಗೆ ಬಂದಿದ್ದಳು. ಗಂಗೂಬಾಯಿ ತಮ್ಮನ ಮುಖವನ್ನು ಬೆರಳಿನಿಂದ ಸವರಿದರು.

"ನಿನಗೂ ಬಂತೇನೋ ಬಿಂದ್ಯಾ? ನಂದು ಸುರುವಾದಾಗ ಹೇಳಿ ಕಳಸಬೇಕಂದೆ. ನಾ ಈ ಮನ್ಯಾಂವ ಅಲ್ಲ ಅಂತಿದ್ದಿ, ಸುಮ್ಮನಾದೆ."

ರಾಯರು ಮಗಳತ್ತ ತಿರುಗಿದರು. ಅವಳಿಗೂ ಹೆರಿಗೆಯ ನಂತರ ಸಕ್ಕರೆ ಅಂಟಿಕೊಂಡಿತ್ತು.

"ನಾಳೆ ನನ್ನ ಜೋಡಿ ಬಾ. ಕಣ್ಣು ತೋರಸೂಣು."

ಮುಗ್ಧಾ ನಕ್ಕಳು. "ನನಗ್ಯಾಕಪ್ಪಾ? ಮದುವ್ಯಾದ ಮ್ಯಾಲೆ ನನ್ನ ಗೋತ್ರನೂ ಬದಲಾಗೇದ. ನಿಮ್ಮದ ಲೆಕ್ಕ!"

ಬಲಗಣ್ಣಿನ ಕತ್ತಲೆಗಿಂತ ದೊಡ್ಡ ಕತ್ತಲೆಯೊಂದು ರಾಯರ ಎದೆಗೆ ನುಗ್ಗಿತು. ಅಷ್ಟರಲ್ಲಿ ಗಂಗೂಬಾಯಿ ನಗು ಕೇಳಿದ ಕಡೆಗೆ ಕೈ ಚಾಚಿ, ತಮ್ಮನ ಮಗಳು ಎಲ್ಲಿ ಕುಳಿತಿದ್ದಾಳೆಂದು ಗಾಳಿಯಲ್ಲಿ ತಡಕಾಡತೊಡಗಿದರು. ಕೈ ಒಮ್ಮೆ ಕಂಬಕ್ಕೆ ತಾಗಿತು, ಒಮ್ಮೆ ತಂಬಿಗೆಗೆ ತಾಗಿತು.

ಮುಗ್ಧಾಳ ನಗು ನಿಂತಿತು. ಅವಳು ಆ ಕೈಯನ್ನು ಹಿಡಿದುಕೊಂಡಳು.

"ನಾಳೆ ಎಷ್ಟು ಗಂಟೆಕ್ಕ ಬರ್ಲಿ, ಅಪ್ಪಾ?"