ಮಾಫ್ ಅನ್ನದ ಮೂರು ದಿನ

ಕರ್ಪೂರದ ವಾಸನೆ ಬಂದರೆ ಜನಕ್ಕೆ ಮಂಗಳಾರತಿ ನೆನಪಾಗುತ್ತದೆ. ನನಗೆ ನೆನಪಾಗುವುದು ದಾದಿಯ ತಗಡಿನ ಟ್ರಂಕು. ದಾದಿ ಅಂದರೆ ನನ್ನ ಅಪ್ಪನ ತಾಯಿ. ಚನ್ನಪಟ್ಟಣದಲ್ಲಿ ನಮ್ಮದು ಗೊಂಬೆ ಕೆಲಸದ ಮನೆ. ಹಜಾರದಲ್ಲಿ ಮರ ಕಡೆಯುವ ಲೇತು ತಿರುಗುತ್ತಿತ್ತು, ಬಣ್ಣದ ಅರಗಿನ ಘಮ ಅನ್ನಕ್ಕೂ ಹತ್ತುತ್ತಿತ್ತು. ಆ ಘಮದ ನಡುವೆಯೂ ಟ್ರಂಕು ತೆರೆದರೆ ಗೊತ್ತಾಗಿಬಿಡುತ್ತಿತ್ತು. ಅದರಲ್ಲಿ ಇದ್ದದ್ದು ಕರ್ಪೂರದ ಜೊತೆ ಮಡಿಸಿಟ್ಟ ಅವಳ ಕಫನ್, ಸತ್ತಾಗ ತನಗೆ ಹೊದಿಸಬೇಕಾದ ಬಿಳಿ ಬಟ್ಟೆ. ಹಜ್‌ಗೆ ಹೊರಟವರ ಕೈಯಲ್ಲಿ ಕೊಟ್ಟು, ಮೆಕ್ಕಾದ ಝಮ್‌ಝಮ್ ನೀರಲ್ಲಿ ಅದ್ದಿಸಿ ತರಿಸಿಕೊಂಡಿದ್ದಳು. ಪ್ರತಿ ವರ್ಷ ರಂಜಾನಿಗೆ ಮುಂಚೆ ಅದನ್ನು ಬಿಸಿಲಿಗೆ ಹರಡಿ, ಕಾಗೆ ಬಾರದಂತೆ ನನ್ನನ್ನು ಕಾವಲಿಗೆ ಕೂರಿಸುತ್ತಿದ್ದಳು. “ಮದುವೆ ಸೀರೆ ಆರಿಸಿದ್ದು ನಮ್ಮಪ್ಪ. ಇದನ್ನ ನಾನೇ ಆರಿಸಿದ್ದು,” ಎಂದು ನಗುತ್ತಿದ್ದಳು. ನನಗೆ ಭಯವೇನೂ ಆಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದೆ.

ನನಗೆ ಒಂಬತ್ತು ವರ್ಷವಾದಾಗ ದಾದಿ ಹಾಸಿಗೆ ಹಿಡಿದಳು. ಮನೆಗೆ ಕರೆದುಕೊಂಡು ಹೋಗಿ ಎಂದರು ಡಾಕ್ಟರು. ಬಂದವಳೇ, ಮುಖ ಕಿಬ್ಲಾದ ಕಡೆಗೆ, ಅಂದರೆ ಪಶ್ಚಿಮಕ್ಕೆ ಬರುವಂತೆ ಮಂಚ ತಿರುಗಿಸಿಕೊಂಡಳು. ಆಮೇಲೆ ಒಬ್ಬೊಬ್ಬರನ್ನೇ ಕರೆಸಿ ಮಾಫ್ ಕೇಳತೊಡಗಿದಳು. ಅಲ್ಲಾಹನಿಗೆ ಮಾಡಿದ ತಪ್ಪನ್ನು ಅಲ್ಲಾಹ ಮನ್ನಿಸಿಯಾನು, ಆದರೆ ಮನುಷ್ಯರನ್ನು ನೋಯಿಸಿದ್ದನ್ನು ನೊಂದವರೇ ಮನ್ನಿಸಬೇಕು ಎಂಬುದು ನಮ್ಮ ನಂಬಿಕೆ. ಎದುರು ಮನೆಯ ನಿಂಗಮ್ಮ ಗಂಜಿ ತಂದಾಗ ಅವಳ ಕೈಯನ್ನೂ ಹಿಡಿದುಕೊಂಡಳು.

“ನೀನೇನ್ ಮಾಡಿದ್ದೀಯ ಬೂವಮ್ಮ, ನನ್ ಕೋಳಿ ಓಡ್ಸಿದ್ ಬುಟ್ರೆ? ಎಲ್ಲಾ ಮಾಫು, ಒಸಿ ಗಂಜಿ ಕುಡಿ,” ಎಂದಳು ನಿಂಗಮ್ಮ. ಹೊರಗೆ ಬಂದವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಮ್ಮನಿಗೆ ಹೇಳಿದಳು: “ಎಲ್ರ ತಾವೂ ಮಾಫು ಅನ್ನಿಸ್ಕೊಂಬುಟ್ರೆ ಜೀವ ಸಲೀಸಾಗಿ ಹೊಂಟೋಯ್ತದೆ ಕಣವ್ವ. ಒಬ್ರುದ್ ಉಳ್ಕೊಂಡ್ರೂ ಹೋಗಕಿಲ್ಲ.”

ಅವಳು ಸಮಾಧಾನಕ್ಕೆ ಅಂದ ಮಾತು. ಬಾಗಿಲ ಹಿಂದೆ ನಿಂತಿದ್ದ ನಾನು ಅದನ್ನು ಉಪಾಯ ಎಂದುಕೊಂಡೆ.

ಕೊನೆಗೆ ನನ್ನನ್ನು ಕರೆದಳು. ಒಂದು ವರ್ಷದ ಹಿಂದೆ, ಮಾರಾಟಕ್ಕಿಟ್ಟ ಬುಗುರಿ ಕದ್ದೆ ಎಂದು ಬೀದಿಯವರೆಲ್ಲ ನೋಡುವಂತೆ ನನ್ನ ಕೆನ್ನೆಗೆ ಹೊಡೆದಿದ್ದಳು. ಬುಗುರಿ ಆಮೇಲೆ ಮರದ ಹೊಟ್ಟಿನ ರಾಶಿಯಲ್ಲಿ ಸಿಕ್ಕಿತ್ತು. ನಾನು ಮರೆತೇಬಿಟ್ಟಿದ್ದೆ, ಅವಳು ಮರೆತಿರಲಿಲ್ಲ. “ಅವತ್ತು ಸುಮ್ಮಸುಮ್ಮನೆ ಹೊಡೆದೆ. ಮಾಫ್ ಮಾಡು ಬೇಟಿ,” ಎಂದಳು. ಮನೆಯವರೆಲ್ಲ ಅಂದಾಗಿತ್ತು, ನನ್ನದೊಂದೇ ಉಳಿದಿತ್ತು. “ಮಾಡಲ್ಲ,” ಎಂದೆ. ಅಮ್ಮ ತೊಡೆ ಚಿವುಟಿದಳು, ಅತ್ತೆ ಹಟಮಾರಿ ಎಂದು ಬೈದಳು. ಯಾರಿಗೂ ಕಾರಣ ಹೇಳಲಿಲ್ಲ. ಹೇಳಿದರೆ ಉಪಾಯ ಕೆಡುತ್ತದೆ ಎಂದುಕೊಂಡಿದ್ದೆ.

ಮೂರು ದಿನ ದಾದಿ ಉಸಿರು ಎಳೆದಳು. ಅತ್ತೆ ಕುರಾನಿನ ಯಾಸೀನ್ ಅಧ್ಯಾಯ ಓದುತ್ತಿದ್ದಳು, ಅಮ್ಮ ಚಮಚದಲ್ಲಿ ಝಮ್‌ಝಮ್ ನೀರು ಬಿಡುತ್ತಿದ್ದಳು. ದಾದಿ ಮೊದಲ ದಿನ ಬಾಯಲ್ಲಿ ಕೇಳಿದಳು, ಎರಡನೆಯ ದಿನ ಕೈಸನ್ನೆಯಲ್ಲಿ. ಮೂರನೆಯ ದಿನ ಕಣ್ಣು ಮಾತ್ರ ನನ್ನ ಹಿಂದೆಯೇ ಬರುತ್ತಿತ್ತು. ಆ ನೋಟ ತಡೆಯಲಾರದೆ ಚೀಲ ಹೆಗಲಿಗೇರಿಸಿ ಶಾಲೆಗೆ ಓಡಿಹೋದೆ. ಮಧ್ಯಾಹ್ನ ಬಂದಾಗ ಲೇತು ನಿಂತಿತ್ತು.

ಮೈಯತ್ತಿಗೆ, ಅಂದರೆ ಶವಕ್ಕೆ, ಸ್ನಾನ ಮಾಡಿಸುವ ಹೆಂಗಸು ಪರದೆಯೊಳಗೆ ನನ್ನನ್ನು ಕರೆದುಕೊಂಡಳು. ನಾನು ಬಗ್ಗಿ ಆ ತಣ್ಣನೆಯ ಕಿವಿಯಲ್ಲಿ ಮಾಫ್ ಮಾಡಿದೆ, ಮಾಫ್ ಮಾಡಿದೆ ಎಂದು ಎಷ್ಟು ಸಲ ಹೇಳಿದೆನೋ. ಹೂತು ಹಿಂದಿರುಗುವವರ ಹೆಜ್ಜೆ ಸದ್ದು ಸತ್ತವರಿಗೆ ಕೇಳಿಸುತ್ತದಂತೆ. ಹಾಗಾದರೆ ನನ್ನ ಮಾತೂ ಕೇಳಿಸಿರಬೇಕು ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ.

ಈಗ ಆ ಮನೆಯಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ. ನಿಂಗಮ್ಮನೂ ಇಲ್ಲ. ನಮ್ಮಲ್ಲಿ ಹೆಂಗಸರು ಖಬರಸ್ತಾನದೊಳಗೆ ಹೋಗುವುದಿಲ್ಲ. ಊರಿಗೆ ಹೋದಾಗಲೆಲ್ಲ ಕಾಂಪೌಂಡಿನ ಹೊರಗೆ ನಿಂತು ಬರುತ್ತೇನೆ. ನಿಮಗೂ ಇಂಥ ಗೋಡೆಯೊಂದು ಇದ್ದೀತು. ಮೊದಮೊದಲು ಅಲ್ಲಿ ನಿಂತು ಮಾಫ್ ಮಾಡಿದೆ ಎನ್ನುತ್ತಿದ್ದೆ. ಈಚೆಗೆ ಮಾಫ್ ಮಾಡು ದಾದಿ ಎನ್ನುತ್ತೇನೆ. ಆ ಮೂರು ದಿನಕ್ಕೆ ನನ್ನನ್ನು ಮನ್ನಿಸಬೇಕಾದವಳು ಅವಳೊಬ್ಬಳೇ.